ಮರು: ಗಿಟಾರ್ ‘ಟೋನ್’ಗೆ ಕನ್ನಡ ಪದ (ಬೋರ್ಡ್ ಬರೆಸಬೇಕು, ಅರ್ಜೆಂಟ್)

> ಬಳ್ಳಾರಿಯಲ್ಲಿ ಗಿಟಾರ್ ಕ್ಲಾಸಿನ ಬೋರ್ಡ್ ಬರೆಸುತ್ತಿದ್ದೇವೆ. ಪೆಡಲ್ (ದನಿ ಬದಲಿಸೋ ಕಾಲುಗುಂಡಿ), ಆಂಪ್ (ದನಿ ಹಿಗ್ಗಿಸೋ ಪೆಟ್ಟಿಗೆ) ನೆಚ್ಚಿಕೊಳ್ಳದೆ ಬೆರಳಿನಿಂದಲೇ ತನ್ನದೇ ‘ಟೋನ್’, ಅಂದರೆ ನಾದದ ಗುಣ, ತೆಗೆಯೋದನ್ನು ಕಲಿಸುತ್ತೇವೆ ಅಂತ ಹಾಕಬೇಕು. ಸಂಜೆಯೊಳಗೆ ಒಂದು ಪದ ಹೇಳಿ.

ಸರ್, ‘ಕೈಗುಣ’ ಅಂತ ಬರೆಸಿ. ‘ನಿಮ್ಮದೇ ಕೈಗುಣ, ನಿಮ್ಮದೇ ನಾದ’. ಅಷ್ಟು ಸಾಕು.

ಇಲ್ಲಿ ಕೆಲವರು ಸೂಚಿಸಿದ ‘ಉಲಿಬಣ್ಣ’ ಬೇಡ. ಯಾರೂ ಆಡದ ಮಾತು.

‘ಜವಾರಿ’ ಅಂದವರಿಗೆ: ನಮ್ಮ ರಾಯಚೂರು ಕಡೆ ಜವಾರಿ ಕೋಳಿ, ಜವಾರಿ ಸೌತೆಕಾಯಿ ಅಂತೀವಿ, ತಂಬೂರಿಗೂ ಜವಾರಿ ಇದೆ, ಸರಿ. ಆದರೆ ತಂಬೂರಿಯ ಜವಾರಿ ಇರೋದು ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಹೊತ್ತಿರೋ ಪಟ್ಟಿಯ ಮೇಲೆ. ಅದರ ಮೈ ಉಜ್ಜಿ ಹದ ಮಾಡಿ, ತಂತಿಯ ಕೆಳಗೆ ನೂಲೆಳೆ ಇಟ್ಟು ಅತ್ತಿತ್ತ ಸರಿಸಿ ಆ ಗುಂಯ್‌ಗುಟ್ಟುವ ನಾದ ತೆಗೆಯುತ್ತಾರೆ. ಅದು ವಾದ್ಯದ ಗುಣ. ಇವರು ಕಲಿಸುತ್ತಿರೋದು ಅದರ ಉಲ್ಟಾ ಅಲ್ವಾ?

ಗಿಟಾರ್ ಅದೇ, ಆಂಪ್ ಅದೇ ಇರಲಿ. ಕುದುರೆ ಹತ್ತಿರ ಮೀಟಿದರೆ ದನಿ ಚೂಪು, ಕತ್ತಿನ ಕಡೆ ಸರಿದು ಮೀಟಿದರೆ ದುಂಡಗೆ, ಮೆತ್ತಗೆ. ಉಗುರು ತಾಗಿದರೆ ಒಂದು ಥರ, ಬೆರಳ ತುದಿಯ ಮೆತ್ತನೆ ಭಾಗ ತಾಗಿದರೆ ಇನ್ನೊಂದು ಥರ. ಪಿಕ್ (ತಂತಿ ಮೀಟೋ ಬಿಲ್ಲೆ) ಸ್ವಲ್ಪ ಓರೆ ಹಿಡಿದರೂ ಬದಲಾಗುತ್ತೆ. ಇಂಗ್ಲೆಂಡಿನ ಗಿಟಾರ್ ವಾದಕ ಜೆಫ್ ಬೆಕ್ ಪಿಕ್ ಬಿಟ್ಟು ಹೆಬ್ಬೆರಳಲ್ಲಿ ಮೀಟುತ್ತಾ ಕಿರುಬೆರಳಲ್ಲಿ ವಾಲ್ಯೂಮ್ ಗುಂಡಿ ತಿರುಗಿಸುತ್ತಿದ್ದರು, ಸ್ವರ ಊದಿ ಬಂದ ಹಾಗೆ ಕೇಳುತ್ತಿತ್ತು. ರಾಯಚೂರಿನ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರ ಸರೋದ್ ಕೇಳಿ. ಸರೋದಿಗೆ ಗಿಟಾರಿನ ಕತ್ತಿನ ಮೇಲಿರೋ ಅಡ್ಡಪಟ್ಟಿಗಳಂಥ ಮೆಟ್ಟಿಲೇ ಇಲ್ಲ, ಎಡಗೈ ಉಗುರು ತಂತಿ ಮೇಲೆ ಜಾರಬೇಕು. ಇದಕ್ಕೆಲ್ಲ ನಮ್ಮಲ್ಲಿ ಮೊದಲಿಂದ ಇರೋ ಮಾತು ಕೈಗುಣ. ಡಾಕ್ಟರಿಗೂ ಅದನ್ನೇ ಹೇಳ್ತೀವಿ, ಅಡುಗೆಯವರಿಗೂ ಅದನ್ನೇ.

ಗಿಟಾರ್, ಕ್ಲಾಸ್ ಇಟ್ಟುಕೊಂಡು ಟೋನ್ ಒಂದನ್ನೇ ಯಾಕೆ ಓಡಿಸಬೇಕು ಅಂತ ಇನ್ನೊಬ್ಬರ ತಕರಾರು. ಹೊರಗಿನ ಪದ ಅಂತ ಅಲ್ಲ ಸ್ವಾಮಿ. ಹಾರ್ಮೋನಿಯಂ ನಮ್ಮ ಭಜನೆ ಮನೆಗಳಲ್ಲಿ ಪೇಟಿ ಆಯಿತು, ತಬಲಾ ತಬಲಾ ಆಗೇ ಉಳಿಯಿತು, ಎರಡರಿಂದಲೂ ಕನ್ನಡಕ್ಕೆ ಏನೂ ಆಗಲಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಮೇಲೇ ‘ಟೋನ್’ ಅನ್ನೋ ಗುಂಡಿ ಇರುತ್ತೆ. ಬೋರ್ಡಿನಲ್ಲೂ ಅದೇ ಹಾಕಿದರೆ ಹುಡುಗರು ಗುಂಡಿ ತಿರುಗಿಸೋದು ಕಲಿಸುತ್ತಾರೆ ಅಂದುಕೊಂಡು ಬರುತ್ತಾರೆ. ನನ್ನ ಆಕ್ಷೇಪ ಅಷ್ಟೇ. ಎರವಲು ಪದಗಳ ಜಗಳಕ್ಕೆ ಬೇರೆ ಎಳೆ ತೆಗೆಯಿರಿ, ಇವರಿಗೆ ಸಂಜೆಯೊಳಗೆ ಕೆಲಸ ಆಗಬೇಕು.

ಸರ್, ಕೈಗುಣ ಒಂದೇ ಪದ. ನಡುವೆ ಜಾಗ ಬಿಡಬೇಡಿ ಅಂತ ಪೇಂಟರಿಗೆ ಹೇಳಿ.