ಮಂಡಿಪೇಟೆಯ ಅಂಗಡಿ ಕಂಪ್ಯೂಟರು ಸ್ಲೀಪ್‌ಗೆ ಹೋಗದಿರಲು: ನಮ್ಮ ಮನೆತನದ ಗುಂಪಿನ ಒಂದು ಚರ್ಚೆ

ದೊಡ್ಡಪ್ಪ (ಬಂದ ಸಂದೇಶವನ್ನು ಹಂಚಿ): "ನಿಮ್ಮ ಕಂಪ್ಯೂಟರ್ ಪದೇ ಪದೇ ಸ್ಲೀಪ್‌ಗೆ ಹೋಗುತ್ತದೆಯೇ? ಈ ಪುಟ್ಟ ಪ್ರೋಗ್ರಾಂ ಹಾಕಿಕೊಳ್ಳಿ. ಅದು ನಿಮಿಷಕ್ಕೊಮ್ಮೆ ಮೌಸನ್ನು ತಾನೇ ಕದಲಿಸುತ್ತದೆ. ಯಾವ ಸೆಟ್ಟಿಂಗನ್ನೂ ಮುಟ್ಟಬೇಕಾಗಿಲ್ಲ. ನಿಮ್ಮವರಿಗೆಲ್ಲ ಕಳುಹಿಸಿ."

ದೊಡ್ಡಪ್ಪ: ತಮ್ಮಾ, ಇದು ನಿನಗಾಗಿಯೇ ಹಾಕಿದ್ದು. ಮೊನ್ನೆ ಅಂಗಡಿಯಲ್ಲಿ ಇದೇ ವಿಷಯಕ್ಕೆ ಗೊಣಗುತ್ತಿದ್ದೆಯಲ್ಲ.

ಚಿಕ್ಕಪ್ಪ: ಹೌದಣ್ಣಾ. ಲೆಕ್ಕ ಬರೆಯುವ ಟ್ಯಾಲಿ ಪ್ರೋಗ್ರಾಮಿನ ನಮ್ಮ ಕಡತವೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರಿನಲ್ಲಿದೆ, ಗೋದಾಮಿನ ಕಂಪ್ಯೂಟರು ತಂತಿಯ ಮೂಲಕ ಅದನ್ನೇ ತೆರೆದು ಕೆಲಸ ಮಾಡುತ್ತದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆದ್ದರೆ ಇದು ಸ್ಲೀಪ್‌ಗೆ ಹೋಗುತ್ತದೆ; ಹುಡುಗ ಮೊದಲು ಬಂದು ಗೋದಾಮಿನಲ್ಲಿ ಮೆಕ್ಕೆಜೋಳದ ತೂಕದ ಚೀಟಿ ಹಿಡಿದು ಕುಳಿತರೆ ಅಲ್ಲಿ ಸಂಪರ್ಕವೇ ಇರುವುದಿಲ್ಲ. ಈ ಪ್ರೋಗ್ರಾಂ ಇಂದೇ ಹಾಕಿಸುತ್ತೇನೆ.

ನಾನು: ಚಿಕ್ಕಪ್ಪಾ, ದಯವಿಟ್ಟು ಅದನ್ನು ಹಾಕಿಸಬೇಡಿ. ಯಾರು ಬರೆದಿದ್ದೆಂದು ಗೊತ್ತಿಲ್ಲದ ಪ್ರೋಗ್ರಾಮನ್ನು ಲೆಕ್ಕಪತ್ರ ಇರುವ ಯಂತ್ರಕ್ಕೆ ಹಾಕುವುದೇ ತಪ್ಪು. ಅದು ಒಳ್ಳೆಯದೇ ಎಂದಿಟ್ಟುಕೊಂಡರೂ, ಮೌಸ್ ಕದಲುತ್ತಿದ್ದರೆ ಯಾರೋ ಮುಂದೆ ಕುಳಿತಿದ್ದಾರೆಂದೇ ಕಂಪ್ಯೂಟರ್ ತಿಳಿಯುತ್ತದೆ. ಆಗ ಪರದೆ ಆರುವುದಿಲ್ಲ, ತಾನಾಗಿ ಲಾಕ್ ಕೂಡ ಆಗುವುದಿಲ್ಲ, ನೀವು ಊಟಕ್ಕೆ ಹೋದ ಹೊತ್ತಿನಲ್ಲಿ ಯಾವ ರೈತರಿಗೆ ಎಷ್ಟು ಬಾಕಿ ಇದೆ ಎಂಬುದು ಅಂಗಡಿಗೆ ಬಂದವರೆಲ್ಲರ ಕಣ್ಣಿಗೆ ಬೀಳುತ್ತದೆ.

ದೊಡ್ಡಪ್ಪ: ಅಷ್ಟೊಂದು ಹೆದರಿಸಬೇಡ ಮಗಳೇ. ನಾನು ಮನೆಯಲ್ಲಿ ಯೂಟ್ಯೂಬಿನಲ್ಲಿ ವಚನ ಹಾಕಿಕೊಂಡು ಗಂಟೆಗಟ್ಟಲೆ ಕುಳಿತರೂ ಕಂಪ್ಯೂಟರ್ ಸ್ಲೀಪ್‌ಗೆ ಹೋಗುವುದಿಲ್ಲ. ಅದೂ ಇಂಥದ್ದೇ ಉಪಾಯವಲ್ಲವೇ?

ನಾನು: ಅಲ್ಲ ದೊಡ್ಡಪ್ಪಾ, ಅಲ್ಲಿ ಮೋಸವಿಲ್ಲ. ವಿಡಿಯೊ ಓಡುವಾಗ ಬ್ರೌಸರೇ ವಿಂಡೋಸಿಗೆ "ಸದ್ಯಕ್ಕೆ ಸ್ಲೀಪ್ ಬೇಡ" ಎಂದು ನೇರವಾಗಿ ಕೋರಿಕೆ ಸಲ್ಲಿಸುತ್ತದೆ, ವಿಡಿಯೊ ಮುಗಿದಾಗ ಹಿಂತೆಗೆದುಕೊಳ್ಳುತ್ತದೆ. ಅದನ್ನೇ ಮಾಡುವ ಉಚಿತ ಸಾಧನವನ್ನು ಮೈಕ್ರೋಸಾಫ್ಟೇ ಕೊಟ್ಟಿದೆ: ಪವರ್‌ಟಾಯ್ಸ್ ಎಂಬ ಕಟ್ಟಿನಲ್ಲಿರುವ ಅವೇಕ್. ಬೇಕಾದಷ್ಟು ಹೊತ್ತು ಯಂತ್ರವನ್ನು ಎಚ್ಚರವಾಗಿಟ್ಟು, ಪರದೆ ಮಾತ್ರ ಆರಲು ಬಿಡುವ ಆಯ್ಕೆ ಅದರಲ್ಲಿದೆ. ಆದರೆ ಚಿಕ್ಕಪ್ಪನವರಿಗೆ ಅದೂ ಬೇಕಾಗಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಅದರೊಳಗೆ ಪವರ್ ಎಂಬ ಭಾಗ ತೆರೆದರೆ, ಪರದೆ ಯಾವಾಗ ಆರಬೇಕು ಮತ್ತು ಯಂತ್ರ ಯಾವಾಗ ಸ್ಲೀಪ್‌ಗೆ ಹೋಗಬೇಕು ಎಂಬ ಎರಡು ಬೇರೆ ಬೇರೆ ಸಾಲುಗಳಿರುತ್ತವೆ. ಪರದೆಗೆ 5 ನಿಮಿಷ, ಸ್ಲೀಪ್‌ಗೆ ನೆವರ್, ಅಂದರೆ ಎಂದಿಗೂ ಬೇಡ, ಎಂದು ಆರಿಸಿದರೆ ಕೆಲಸ ಮುಗಿಯಿತು. ಏಳುವಾಗ ವಿಂಡೋಸ್ ಕೀಲಿಯ ಜೊತೆ ಎಲ್ ಒತ್ತಿದರೆ ಲಾಕ್ ಆಗುತ್ತದೆ. ಲಾಕ್ ಆದ ಮಾತ್ರಕ್ಕೆ ಗೋದಾಮಿನ ಸಂಪರ್ಕ ಕಡಿಯುವುದಿಲ್ಲ.

ಅತ್ತಿಗೆ: ನೆವರ್ ಎಂದು ಇಟ್ಟರೆ ಕರೆಂಟಿನ ಗತಿ ಏನು? ಅಂಗಡಿಯ ಮೀಟರಿಗೆ ಮನೆಯ ದರವಿಲ್ಲ ಎಂಬುದನ್ನು ಚಿಕ್ಕಮಾವನವರಿಗೆ ನಾನು ಹೇಳಬೇಕಾಗಿಲ್ಲ. ಸುಮ್ಮನೆ ಕುಳಿತ ಡೆಸ್ಕ್‌ಟಾಪು 50 ವಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್ ಯಾರಿಗೂ ಉಪಯೋಗವಿಲ್ಲದೆ ಹೋಗುತ್ತದೆ. ಸ್ಲೀಪ್‌ನಲ್ಲಿದ್ದರೆ ಎರಡು ಮೂರು ವಾಟ್ ಸಾಕು.

ಚಿಕ್ಕಪ್ಪ: ರಾತ್ರಿ 11ಕ್ಕೆ ಲೆಕ್ಕದ ನಕಲು ತೆಗೆದಿಡುವ ಬ್ಯಾಕಪ್ ಓಡಬೇಕಲ್ಲಮ್ಮಾ, ಅದಕ್ಕೇ ಆನ್ ಇಟ್ಟಿರಬೇಕಾಗುತ್ತದೆ.

ಅತ್ತಿಗೆ: ಬ್ಯಾಕಪ್ಪಿಗಾಗಿ ರಾತ್ರಿಯಿಡೀ ಉರಿಸುವುದೇಕೆ? ವಿಂಡೋಸಿನಲ್ಲೇ ಇರುವ ಟಾಸ್ಕ್ ಶೆಡ್ಯೂಲರಿನಲ್ಲಿ, ಆ ಹೊತ್ತಿಗೆ ಕಂಪ್ಯೂಟರನ್ನು ಎಬ್ಬಿಸಿ ಕೆಲಸ ಮಾಡಿಸುವ ಗುರುತು ಹಾಕಬಹುದು. ಸ್ಲೀಪ್ ಇರಲಿ, 11ಕ್ಕೆ ಅದೇ ಏಳುತ್ತದೆ.

ನಾನು: ಅತ್ತಿಗೆಯ ಲೆಕ್ಕ ಸರಿಯಾಗಿದೆ, ಉಪಾಯದಲ್ಲಿ ಮಾತ್ರ ಒಂದು ತೊಡಕಿದೆ. ಮನುಷ್ಯರು ಕೀಲಿ ಒತ್ತಿ ಎಬ್ಬಿಸದೆ ಕಂಪ್ಯೂಟರ್ ತಾನಾಗಿ ಎದ್ದರೆ, ಅದನ್ನು ಮತ್ತೆ ಸ್ಲೀಪ್‌ಗೆ ಕಳುಹಿಸಲು ವಿಂಡೋಸ್ ಬೇರೆಯೇ ಅವಧಿಯನ್ನು ಅನುಸರಿಸುತ್ತದೆ. ಆ ಅವಧಿ ಸಾಮಾನ್ಯವಾಗಿ 2 ನಿಮಿಷ, ಮತ್ತು ಅದರ ಸೆಟ್ಟಿಂಗು ಪಟ್ಟಿಯಲ್ಲಿ ಕಾಣದಂತೆ ಅಡಗಿರುತ್ತದೆ. ಬ್ಯಾಕಪ್ ಪ್ರೋಗ್ರಾಂ ತಾನಾಗಿ ಎಚ್ಚರದ ಕೋರಿಕೆ ಸಲ್ಲಿಸದಿದ್ದರೆ, ಅರ್ಧ ನಕಲಾಗುವಷ್ಟರಲ್ಲಿ ಯಂತ್ರ ಮತ್ತೆ ಮಲಗಿರುತ್ತದೆ. ಅಂಗಡಿ ಮುಚ್ಚುವ ಹೊತ್ತಿಗೇ ಬ್ಯಾಕಪ್ ಹಾಕಿ, ಮುಗಿದ ಮೇಲೆ ಶಟ್‌ಡೌನ್ ಮಾಡಿದರೆ 18 ಯೂನಿಟ್ಟೂ ಉಳಿಯುತ್ತದೆ. ನೆವರ್ ಎಂಬುದು ಅಂಗಡಿ ತೆರೆದಿರುವ ಹೊತ್ತಿಗಷ್ಟೇ ಸಲ್ಲಬೇಕಾದ ಮಾತು.

ಚಿಕ್ಕಪ್ಪ: ಹುಡುಗರು ಬ್ಯಾಕಪ್ ಮರೆಯುತ್ತಾರೆ ಎಂದೇ ನಾನು 11 ಎಂದು ಇಟ್ಟದ್ದು. ಸರಿ, ಗಲ್ಲಾ ಎಣಿಸುವಾಗ ನಾನೇ ಹಾಕುತ್ತೇನೆ. ಆದರೆ ಮಧ್ಯಾಹ್ನ ಕರೆಂಟು ಹೋದರೆ? ಯುಪಿಎಸ್ ಹದಿನೈದು ನಿಮಿಷ ಹಿಡಿದರೆ ಹೆಚ್ಚು.

ನಾನು: ಈ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ನಮ್ಮ ಊರಿನ ಬೇಸಿಗೆಯಲ್ಲಿ ಸ್ಲೀಪ್‌ಗಿಂತ ಹೆಚ್ಚು ತೊಂದರೆ ಕೊಡುವುದು ಕರೆಂಟು. ಸ್ಲೀಪ್ ಎಂದರೆ ತೆರೆದ ಕೆಲಸವೆಲ್ಲ ಮೆಮೊರಿಯಲ್ಲಿ ಸಣ್ಣ ವಿದ್ಯುತ್ತಿನ ಆಸರೆಯಲ್ಲಿ ಉಳಿದಿರುತ್ತದೆ. ಯುಪಿಎಸ್ ಕೈಕೊಟ್ಟರೆ ಅದೂ ಅಳಿಸಿಹೋಗುತ್ತದೆ. ಮೆಮೊರಿಯ ಜೊತೆಗೆ ಡಿಸ್ಕಿಗೂ ಒಂದು ಪ್ರತಿ ಬರೆದಿಡುವ ಹೈಬ್ರಿಡ್ ಸ್ಲೀಪ್ ಆನ್ ಇದ್ದರೆ ಮಾತ್ರ ಬಚಾವು. ನೆವರ್ ಇಟ್ಟಾಗ ಆ ಆಸರೆಯೂ ಇರುವುದಿಲ್ಲ: ಯುಪಿಎಸ್ ಖಾಲಿಯಾದ ಕ್ಷಣಕ್ಕೆ ತೆರೆದಿರುವ ಲೆಕ್ಕದ ಕಡತದೊಡನೆ ಯಂತ್ರ ಧಡಕ್ಕನೆ ನಿಲ್ಲುತ್ತದೆ, ಕಡತ ಕೆಡುವುದು ಇಂಥ ಹೊತ್ತಿನಲ್ಲಿಯೇ. ಯುಪಿಎಸ್ಸಿನ ಹಿಂಬದಿಯಲ್ಲಿ ಯುಎಸ್‌ಬಿ ತೂತು ಇದೆಯೇ ನೋಡಿ. ಅದನ್ನು ಕಂಪ್ಯೂಟರಿಗೆ ಜೋಡಿಸಿದರೆ, ಹೊಂದುವ ಯುಪಿಎಸ್ ಆಗಿದ್ದಲ್ಲಿ, ವಿಂಡೋಸ್ ಅದನ್ನು ಬ್ಯಾಟರಿಯೆಂದು ಗುರುತಿಸುತ್ತದೆ. ಬ್ಯಾಟರಿ ಇಳಿದಾಗ ತಾನೇ ಶಟ್‌ಡೌನ್ ಆಗುವಂತೆ ಹೇಳಿಡಬಹುದು.

ಚಿಕ್ಕಪ್ಪ: ತೂತು ಇದೆ, ತಂತಿಯನ್ನು ಡಬ್ಬದಿಂದ ಯಾರೂ ಬಿಚ್ಚಿಯೇ ಇಲ್ಲ. ಸಂಜೆ ಜೋಡಿಸುತ್ತೇನೆ.

ಅತ್ತಿಗೆ: ರಾತ್ರಿ ಶಟ್‌ಡೌನ್ ಆಗುವುದಾದರೆ ನೆವರ್ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಗುಂಪಿನಲ್ಲಿ ಓದಿದವರೆಲ್ಲ ಮನೆಯ ಕಂಪ್ಯೂಟರಿಗೂ ಹಾಗೆಯೇ ಇಡಬಾರದು.

ದೊಡ್ಡಪ್ಪ: ಆಗಲಿ, ಹಂಚಿದ ಸಂದೇಶವನ್ನು ಅಳಿಸುತ್ತೇನೆ. ಆದರೆ ನನ್ನದು ಉಲ್ಟಾ ಸಮಸ್ಯೆ ಇದೆ. ವಚನ ಮುಗಿಸಿ ಎದ್ದು ಹೋದ ಮೇಲೂ ನಮ್ಮ ಮನೆಯದು ಕೆಲವೊಮ್ಮೆ ಬೆಳಗಿನವರೆಗೆ ಸ್ಲೀಪ್‌ಗೆ ಹೋಗುವುದೇ ಇಲ್ಲ.

ನಾನು: ಹುಡುಕುವ ಪೆಟ್ಟಿಗೆಯಲ್ಲಿ ಸಿಎಂಡಿ ಎಂದು ಬರೆದು, ಬಂದದ್ದರ ಮೇಲೆ ಬಲ ಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅಲ್ಲಿ ಟೈಪಿಸಬೇಕಾದ ಪವರ್‌ಸಿಎಫ್‌ಜಿ ರಿಕ್ವೆಸ್ಟ್ಸ್ ಎಂಬ ಆಜ್ಞೆಯ ಚಿತ್ರವನ್ನು ನಿಮಗೆ ಕಳುಹಿಸುತ್ತೇನೆ, ಎರಡು ಪದಗಳ ನಡುವಿನ ಓರೆಗೆರೆ ತಪ್ಪದಿರಲಿ. ಎಚ್ಚರದ ಕೋರಿಕೆ ಹಿಡಿದುಕೊಂಡು ಕುಳಿತಿರುವ ಪ್ರೋಗ್ರಾಮಿನ ಹೆಸರು ಅಲ್ಲಿ ಬರುತ್ತದೆ. ಬ್ರೌಸರಿನ ಹೆಸರು ಬಂದರೆ, ಬಹುಶಃ ವಚನದ ವಿಡಿಯೊ ಒಂದರ ಹಿಂದೆ ಒಂದರಂತೆ ತಾನಾಗಿ ಓಡುತ್ತಿದೆ ಎಂದರ್ಥ. ಆಟೊಪ್ಲೇ ಆಫ್ ಮಾಡಿಬಿಡಿ.