ರಾತ್ರಿ ಎರಡೂವರೆಗೆ ಸೈರನ್, ಕಳ್ಳನೂ ಇಲ್ಲ ಬೆಕ್ಕೂ ಇಲ್ಲ. ಯಾರಾದ್ರೂ ದಾರಿ ಹೇಳಿ

ನಿದ್ದೆಗೆಟ್ಟವನು (ಮೈಸೂರು, ಕುವೆಂಪುನಗರ), ಭಾನುವಾರ ಬೆಳಿಗ್ಗೆ 5:50

ಸರಿಯಾಗಿ ನಿದ್ದೆ ಮಾಡಿ ಮೂರು ವಾರ ಆಯ್ತು. ಮನೆಗೆ ಹಾಕಿಸಿರುವ ಅಲಾರಂ ರಾತ್ರಿ ಎರಡೂವರೆ, ಎರಡೂ ಮುಕ್ಕಾಲಿಗೆ ಬಡಿದುಕೊಳ್ಳುತ್ತದೆ. ದಿನಾ ಅಲ್ಲ, ಒಂದು ದಿನ ಬಿಟ್ಟು ಒಂದು ದಿನ. ಎದ್ದು ನೋಡಿದರೆ ಏನೂ ಇಲ್ಲ. ಬಾಗಿಲಿನ ಚಿಲಕ ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ಮೊದಲನೇ ಸಲ ಎದುರು ಮನೆಯ ರಿಟೈರ್ಡ್ ಮೇಷ್ಟ್ರು ದೊಣ್ಣೆ ಹಿಡಿದು ಓಡಿ ಬಂದರು. ಎರಡನೇ ಸಲ ಕಿಟಕಿಯಿಂದ ಇಣುಕಿದರು. ಈಗ ಲೈಟ್ ಕೂಡ ಹಾಕುವುದಿಲ್ಲ. ನಾಳೆ ನಿಜವಾಗಿ ಕಳ್ಳ ಬಂದರೂ ಯಾರೂ ಏಳುವುದಿಲ್ಲ.

ಹಾಕಿದವರಿಗೆ ಫೋನ್ ಮಾಡಿದರೆ "ಸೆನ್ಸರ್ ಚೇಂಜ್ ಮಾಡ್ಬೇಕು ಸಾರ್" ಅಂತಾರೆ. ಬಂದು ನೋಡುವುದಕ್ಕೇ ದುಡ್ಡು ಕೇಳುತ್ತಾರೆ. ಸಿಸ್ಟಮ್ ಮಾಮೂಲಿದೇ, ವಿಶೇಷ ಏನಿಲ್ಲ. ಏನು ಮಾಡಲಿ?

ಬೆಸುಗೆ ಕಡ್ಡಿ

ಮಾಮೂಲಿ ಅಂದ್ರೆ ಯಾವುದು ಸಾರ್? ವೈರ್ಡಾ, ವೈರ್‌ಲೆಸ್ಸಾ? ಎಷ್ಟು ಝೋನ್, ಅಂದ್ರೆ ಪ್ಯಾನೆಲ್ ಬೇರೆ ಬೇರೆಯಾಗಿ ಕಾಯುವ ಜಾಗ ಎಷ್ಟು? ಸೈರನ್ ಹೊಡೆದಾಗ ಪ್ಯಾನೆಲ್‌ನಲ್ಲಿ ಯಾವ ಝೋನ್ ಲೈಟ್ ಹತ್ತಿತ್ತು? ಅದನ್ನು ಹೇಳದೆ ಯಾರು ಏನು ಹೇಳಿದರೂ ಕಣಿ ಹೇಳಿದ ಹಾಗೆ.

ಹಳೇ ಹುಲಿ

ಹಲ್ಲಿ. ನೂರಕ್ಕೆ ನೂರು ಹಲ್ಲಿ. ರಾತ್ರಿ ಹೊತ್ತು, ಮಳೆ ಶುರುವಾಗಿರುವ ಕಾಲ, ಲೈಟಿಗೆ ಈಸಲು ಹುಳ ಬರುತ್ತವೆ, ಅದರ ಹಿಂದೆ ಹಲ್ಲಿ ಬರುತ್ತದೆ, ಬಂದು ಪಿಐಆರ್ ಸೆನ್ಸರ್ (ಮನುಷ್ಯರ ಓಡಾಟ ಹಿಡಿಯುವುದು) ಮೇಲೆ ಕೂರುತ್ತದೆ. ನಮ್ಮ ಮನೆಯಲ್ಲಿ 2 ವರ್ಷ ಇದೇ ಗೋಳು. ಸೆನ್ಸರ್ ಬಿಚ್ಚಿದರೆ ಒಳಗೆ ಮೊಟ್ಟೆ ಇಟ್ಟಿತ್ತು. ವೈರ್ ಬರುವ ತೂತಿಗೆ ಸಿಲಿಕೋನ್ ತುಂಬಿ. ನೆಮ್ಮದಿಯಾಗಿ ಮಲಗಿ.

ನಿದ್ದೆಗೆಟ್ಟವನು

ವೈರ್ಡ್. 6 ಝೋನ್. ಯಾವ ಲೈಟ್ ಹತ್ತಿತ್ತು ಅಂತ ನೋಡಿಲ್ಲ ಸಾರ್. ಆ ಸದ್ದಿಗೆ ಮೊದಲು ಆಫ್ ಮಾಡುವುದೇ ಕೆಲಸ. ಹಲ್ಲಿ ಇವೆ, ಇಲ್ಲ ಅನ್ನಲ್ಲ. ಸಿಲಿಕೋನ್ ಹಾಕುತ್ತೇನೆ.

ಪೈ ಪ್ರೇಮಿ

ಈ ಕಾಲದಲ್ಲೂ ಡಬ್ಬಾ ಪ್ಯಾನೆಲ್ ಯಾಕೆ ಗುರು? ನಾನು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಹೋಮ್ ಅಸಿಸ್ಟೆಂಟ್ ಅನ್ನೋ ಸಾಫ್ಟ್‌ವೇರ್ ಹಾಕಿದ್ದೇನೆ. 14 ಝಿಗ್‌ಬೀ ವೈರ್‌ಲೆಸ್ ಸೆನ್ಸರ್, 5 ಕ್ಯಾಮೆರಾ. ಗೇಟ್ ಹತ್ತಿರ ನಾಯಿ ಬಂದರೆ ಫೋನಿಗೆ ಫೋಟೋ ಬರುತ್ತದೆ. ಬಂದಿದ್ದು ನಾಯಿನೋ ಮನುಷ್ಯನೋ ಅಂತ ಅದೇ ಹೇಳುತ್ತದೆ.

ಕಬ್ಬಿನ ಗದ್ದೆ (ಮಂಡ್ಯ)

ಫೋಟೋ ತಗೊಂಡು ನಾಯಿಗೆ ಫ್ರೇಮ್ ಹಾಕಿಸಿಕೊಡ್ತೀರಾ ಅಣ್ಣ? ಅವರು ನಿದ್ದೆ ಇಲ್ಲದೆ ಒದ್ದಾಡ್ತಾವ್ರೆ.

ನನ್ನ ಅನುಭವ ಒಂದು. ಊರಿನ ಮನೇಲಿ ಹೊಗೆ ಡಿಟೆಕ್ಟರ್ ಹಾಕಿದ್ದೆ. ಪಕ್ಕದಲ್ಲೇ ಆಲೆಮನೆ. ಬೆಲ್ಲ ಕಾಯಿಸುವ ದಿನ ಗಾಳಿ ನಮ್ಮ ಕಡೆ ತಿರುಗಿದರೆ ಸಾಕು, ಕೂಗಕ್ಕೆ ಶುರು. ತಿಂಗಳು ಗಟ್ಟಲೆ ಡಿಟೆಕ್ಟರ್ ಬೈದೆ. ಯಾವ ದಿನ ಕೂಗುತ್ತೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಮೇಲೇ ಗೊತ್ತಾಗಿದ್ದು. ನೀವೂ ದಿನ ಬರೆದಿಡಿ.

ಹಳೇ ಹುಲಿ

ಬರೆದಿಡೋದು ಏನಿದೆ, ಹಲ್ಲಿ ಪಂಚಾಂಗ ನೋಡಿಕೊಂಡು ಬರುತ್ತಾ?

ಬೆಸುಗೆ ಕಡ್ಡಿ

ಹುಲಿ ಸಾರ್, ಒಂದು ಮಾತು. ಪಿಐಆರ್ ನೋಡುವುದು ಬಿಸಿಯ ಬದಲಾವಣೆಯನ್ನು. ಹಲ್ಲಿ ತಣ್ಣನೆ ರಕ್ತದ ಪ್ರಾಣಿ. ಎದುರು ಗೋಡೆ ಮೇಲೆ ಓಡಾಡುವ ಹಲ್ಲಿ ಅದಕ್ಕೆ ಕಾಣುವುದೇ ಕಷ್ಟ. ಲೆನ್ಸ್ ಮೇಲೇ ಹತ್ತಿದರೆ, ಇಲ್ಲಾ ಒಳಗೆ ನುಗ್ಗಿದರೆ ಮಾತ್ರ ಹೊಡೆಯುತ್ತದೆ. ಆದರೆ ಒಂದು ದಿನ ಬಿಟ್ಟು ಒಂದು ದಿನ, ಅದೂ ಅದೇ ಗಂಟೆಗೆ ಬರುತ್ತಾ? ಹಲ್ಲಿಗೇನು ಶಿಫ್ಟ್ ಡ್ಯೂಟಿನಾ?

ಹಳೇ ಹುಲಿ

ನಾನು ಸೆನ್ಸರ್ ಬಿಚ್ಚಿ ಮೊಟ್ಟೆ ಕಣ್ಣಾರೆ ನೋಡಿದವನು. ನೀವು ಪುಸ್ತಕದ ಮಾತು ಹೇಳುತ್ತಿದ್ದೀರಿ.

ದೊಡ್ಡಕೆರೆ ಪಕ್ಕ

ಸುಳ್ಳು ಅಲಾರಂ ಅಂದ್ರೆ ನಮ್ಮದು ಕೇಳಿ. ಕಿಟಕಿಗೆ ವೈಬ್ರೇಷನ್ ಸೆನ್ಸರ್ ಹಾಕಿಸಿದ್ದೆ. ದಸರಾಗೆ ಮುಂಚೆ ಆನೆ, ಕುದುರೆಗಳಿಗೆ ಸದ್ದು ರೂಢಿಯಾಗಲಿ ಅಂತ ಫಿರಂಗಿ ತಾಲೀಮು ಮಾಡುತ್ತಾರಲ್ಲ, ಒಂದೊಂದು ತೋಪಿಗೂ ನಮ್ಮ ಸೈರನ್ನೂ ಜೊತೆಗೆ. ಜಂಬೂಸವಾರಿ ದಿನ 21 ಕುಶಾಲತೋಪು. ಆನೆಗಳು ಸುಮ್ನೆ ನಿಂತಿದ್ದವು, ನಮ್ಮ ಮನೆ ಒಂದೇ ಬೆದರಿದ್ದು. ಈಗ ಸೆನ್ಸಿಟಿವಿಟಿ ಸ್ಕ್ರೂ ಪೂರ್ತಿ ಕೆಳಗೆ ತಿರುಗಿಸಿ ಇಟ್ಟಿದ್ದೇನೆ.

ಪೈ ಪ್ರೇಮಿ

ಸ್ಕ್ರೂ ತಿರುಗಿಸಿದರೆ ಗಾಜು ಒಡೆದರೂ ಗೊತ್ತಾಗಲ್ಲ. ಎರಡು ಸೆನ್ಸರ್ ಒಟ್ಟಿಗೆ ಹೊಡೆದರೆ ಮಾತ್ರ ಕೂಗುವ ಹಾಗೆ ಆಟೊಮೇಷನ್ ಬರೆಯಬೇಕು. ನನ್ನ ಹತ್ತಿರ 40 ಆಟೊಮೇಷನ್ ಇವೆ. ಬೇಕಿದ್ದರೆ ಹಾಕುತ್ತೇನೆ.

(ಯಾರೂ ಬೇಕು ಅನ್ನಲಿಲ್ಲ. ಆದರೂ ಹಾಕಿದರು. ಉದ್ದ ಇದ್ದದ್ದರಿಂದ ಬೇರೆ ಚರ್ಚೆಗೆ ಸರಿಸಿದ್ದೇನೆ. – ನಿರ್ವಾಹಕ)

ನಿದ್ದೆಗೆಟ್ಟವನು, ಶುಕ್ರವಾರ

ಸಿಲಿಕೋನ್ ಹಾಕಿದೆ. ನುಸಿ ಗುಳಿಗೆ ಇಟ್ಟೆ. ಅಮ್ಮ ನವಿಲುಗರಿ ಸಿಕ್ಕಿಸಿದರು. ಎರಡೂ ಸೆನ್ಸರ್ ಬಿಚ್ಚಿ ಬ್ರಷ್‌ನಲ್ಲಿ ಒರೆಸಿದೆ, ಜೇಡರ ಬಲೆ ಬಿಟ್ಟು ಏನೂ ಇರಲಿಲ್ಲ. ನಿನ್ನೆ ರಾತ್ರಿ 2:40ಕ್ಕೆ ಮತ್ತೆ ಹೊಡೆಯಿತು.

ಈ ಸಲ ಲೈಟ್ ನೋಡಿದೆ. 3 ಮತ್ತು 4, ಎರಡೂ ಹತ್ತಿತ್ತು. 3 ಹಾಲ್, 4 ಮಹಡಿ ಮೆಟ್ಟಿಲು. ಮೆಮೊರಿ ತೆಗೆದು ನೋಡಿದರೆ ಹಿಂದಿನ ಸಲಗಳೂ ಹೀಗೇ. ಎರಡೂ ಒಂದೇ ಹೊತ್ತು, ಸೆಕೆಂಡೂ ಬದಲಿಲ್ಲ.

ಬೆಸುಗೆ ಕಡ್ಡಿ

ಈಗ ಮಾತು ಬಂತು! 1, 2, 5, 6 ಏನು? ಬಾಗಿಲು, ಕಿಟಕಿಯ ಮ್ಯಾಗ್ನೆಟ್ ಸೆನ್ಸರಾ? ಅವು ಒಂದು ಸಲವೂ ಹೊಡೆದಿಲ್ಲವಾ?

ನಿದ್ದೆಗೆಟ್ಟವನು

ಹೌದು, ಮ್ಯಾಗ್ನೆಟ್. ಒಂದು ಸಲವೂ ಇಲ್ಲ.

ಬೆಸುಗೆ ಕಡ್ಡಿ

ಹಾಗಾದರೆ ಹಲ್ಲಿಯನ್ನು ಬಿಟ್ಟುಬಿಡಿ. ಮ್ಯಾಗ್ನೆಟ್ ಸೆನ್ಸರ್‌ಗೆ ಕರೆಂಟ್ ಬೇಡ, ಅದು ಸುಮ್ನೆ ಒಂದು ಸ್ವಿಚ್. ಪಿಐಆರ್‌ಗೆ 12 ವೋಲ್ಟ್ ಬೇಕು. ಅದರೊಳಗಿನ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಸಾಮಾನ್ಯವಾಗಿ ಕರೆಂಟ್ ಇರುವಷ್ಟು ಹೊತ್ತು ಎಳೆದುಕೊಂಡೇ ಇರುತ್ತದೆ, ಮನುಷ್ಯ ಬಂದರೆ ಬಿಡುತ್ತದೆ. ವೋಲ್ಟೇಜ್ ಒಂದು ಗಳಿಗೆ ಬಿದ್ದರೂ ಬಿಡುತ್ತದೆ. ಪ್ಯಾನೆಲ್‌ಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದರ ಚಿಪ್‌ಗೆ 5 ವೋಲ್ಟ್ ಸಾಕು, ಹಾಗಾಗಿ ಅದು ಎಚ್ಚರವಾಗೇ ಇದ್ದು ಸೈರನ್ ಹೊಡೆಯುತ್ತದೆ. ಎರಡು ಪಿಐಆರ್ ಒಂದೇ ಸೆಕೆಂಡಿಗೆ ಹೊಡೆದವು ಅಂದರೆ 12 ವೋಲ್ಟ್ ಲೈನ್ ಬೀಳುತ್ತಿದೆ.

ಪ್ಯಾನೆಲ್ ಬ್ಯಾಟರಿ ಹಾಕಿ ಎಷ್ಟು ವರ್ಷ ಆಯ್ತು?

ಹಳೇ ಹುಲಿ

ಎರಡು ಹಲ್ಲಿ ಇರಬಹುದಲ್ಲ.

ನಿದ್ದೆಗೆಟ್ಟವನು

ಬ್ಯಾಟರಿ ಅಂತ ಒಂದು ಇದೆ ಅನ್ನುವುದೇ ಗೊತ್ತಿರಲಿಲ್ಲ. ಮುಚ್ಚಳ ತೆಗೆದರೆ 12 ವೋಲ್ಟ್ 7 ಎಎಚ್ ಅಂತ ಬರೆದಿದೆ. ಸಿಸ್ಟಮ್ ಹಾಕಿಸಿದ್ದು 2018ರಲ್ಲಿ. ಅದೇ ಬ್ಯಾಟರಿ. ಹೊಟ್ಟೆ ಸ್ವಲ್ಪ ಉಬ್ಬಿದೆ.

ಬೆಸುಗೆ ಕಡ್ಡಿ

ಮೂರ್ನಾಲ್ಕು ವರ್ಷಕ್ಕೆ ಬದಲಾಯಿಸಬೇಕಾದ್ದು ಅದು. ಅಡಾಪ್ಟರ್ ಕಿತ್ತು ಮೀಟರ್ ಹಿಡಿಯಿರಿ. ಆಮೇಲೆ ಸೈರನ್ ಹೊಡೆಸಿ, ಎಷ್ಟಕ್ಕೆ ಇಳಿಯುತ್ತದೆ ನೋಡಿ.

ನಿದ್ದೆಗೆಟ್ಟವನು

ಸುಮ್ನಿದ್ದಾಗ 11.4. ಸೈರನ್ ಹೊಡೆದರೆ 7ಕ್ಕೆ ಬಂತು.

ಪೈ ಪ್ರೇಮಿ

ಅಲ್ಲಾ ಗುರು, ಕರೆಂಟ್ ಹೋದರೆ ತಾನೇ ಬ್ಯಾಟರಿ ಬೇಕಾಗೋದು? ಮನೆಗೆ ಇನ್ವರ್ಟರ್ ಇಲ್ವಾ? ಸೈನ್ ವೇವ್ ಇನ್ವರ್ಟರ್ ಹಾಕಿ, ಮುಗೀತು. ಸ್ಕ್ವೇರ್ ವೇವ್ ಆದರೆ ಫ್ಯಾನ್ ಕೂಡ ಕುಂಯ್ ಅನ್ನುತ್ತದೆ.

ದೊಡ್ಡಕೆರೆ ಪಕ್ಕ

ನಮ್ಮ ಸ್ಕ್ವೇರ್ ವೇವ್ 11 ವರ್ಷದಿಂದ ಓಡುತ್ತಿದೆ. ಕುಂಯ್ ಅಂದರೆ ಏನಾಯ್ತು, ಗಾಳಿ ಬರುತ್ತದಲ್ಲ.

(ಇಲ್ಲಿಂದ 9 ಉತ್ತರ ಇನ್ವರ್ಟರ್ ಬಗ್ಗೆ. ಅವನ್ನೂ ಬೇರೆ ಕಡೆ ಸರಿಸಿದ್ದೇನೆ. – ನಿರ್ವಾಹಕ)

ಕಬ್ಬಿನ ಗದ್ದೆ (ಮಂಡ್ಯ)

ಬ್ಯಾಟರಿ ಸತ್ತಿರೋದು ಸರಿ ಕಣಣ್ಣ. ಆದರೆ ಎರಡೂವರೆಗೆ ವೋಲ್ಟೇಜ್ ಬೀಳಿಸುವವರು ಯಾರು? ದಿನ ಬಿಟ್ಟು ದಿನ? ನಾನು ಕೇಳಿದ್ದು ಆ ದಿನಗಳನ್ನ. ಬರೆದಿಟ್ರಾ?

ನಿದ್ದೆಗೆಟ್ಟವನು, ಭಾನುವಾರ ರಾತ್ರಿ

ಬರೆದಿಟ್ಟೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಪಟ್ಟಿ ಓದುತ್ತಿದ್ದೆ. ಒಳಗಿನಿಂದ ಅಮ್ಮ "ಅವೆಲ್ಲಾ ನೀರು ಬಿಡೋ ದಿನ ಅಲ್ವೇನೋ" ಅಂದರು.

ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು ಬರುವುದು, ರಾತ್ರಿ ಎರಡರ ಮೇಲೆ. ಸಂಪ್ ತುಂಬುತ್ತಿದ್ದ ಹಾಗೆ ಮೋಟರ್ ತಾನೇ ಆನ್ ಆಗಿ ಮೇಲಿನ ಟ್ಯಾಂಕಿಗೆ ಹತ್ತಿಸುತ್ತದೆ.

ಬೆಸುಗೆ ಕಡ್ಡಿ

ತಾನೇ ಆನ್ ಆಗುತ್ತಾ? ಆಟೊಮ್ಯಾಟಿಕ್ ಕಂಟ್ರೋಲರ್ ಇದೆಯಾ? ಯಾವಾಗ ಹಾಕಿಸಿದ್ದು?

ನಿದ್ದೆಗೆಟ್ಟವನು

ಹೋದ ತಿಂಗಳು. ಮೊದಲು ಬೆಳಿಗ್ಗೆ ಐದೂವರೆಗೆ ಅಮ್ಮ ಎದ್ದು, ಅಲಾರಂ ಆಫ್ ಮಾಡಿ, ಆಮೇಲೆ ಮೋಟರ್ ಹಾಕುತ್ತಿದ್ದರು. ನೀರಿನ ಮೋಟರಿಗೂ ಕಳ್ಳರ ಅಲಾರಮ್ಮಿಗೂ ಏನು ಸಂಬಂಧ ಅಂತ ಬರೆದಿರಲಿಲ್ಲ.

ಬೆಸುಗೆ ಕಡ್ಡಿ

ತಲೆ ಚಚ್ಚಿಕೊಳ್ಳುವುದಕ್ಕೆ ಇಲ್ಲಿ ಒಂದು ಚಿತ್ರ ಹಾಕುವ ಹಾಗಿದ್ದರೆ ಹಾಕುತ್ತಿದ್ದೆ.

1 ಎಚ್‌ಪಿ ಮೋಟರ್ ಸ್ಟಾರ್ಟ್ ಆಗುವಾಗ, ಓಡುವಾಗ ಎಳೆಯುವುದರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಮನೆಯ ವೋಲ್ಟೇಜ್ ಒಂದು ಕ್ಷಣ ಬೀಳುತ್ತದೆ. ಅಡಾಪ್ಟರ್ ಕೊಡುವ 12 ವೋಲ್ಟ್ ಕೂಡ ಬೀಳುತ್ತದೆ. ಆ ಕ್ಷಣ ಹಿಡಿದುಕೊಳ್ಳಬೇಕಾದ್ದು ಬ್ಯಾಟರಿ, ಅದು ಸತ್ತಿದೆ. ಹಗಲಲ್ಲೂ ಪಿಐಆರ್ ಬಿಡುತ್ತಿರುತ್ತದೆ, ಆದರೆ ಹಗಲು ಅಲಾರಂ ಆನ್ ಇರಲ್ಲ ಅಲ್ವಾ, ಗೊತ್ತಾಗಲ್ಲ. ಈಗಲೇ ಆನ್ ಮಾಡಿ ಮೋಟರ್ ಹಾಕಿ ನೋಡಿ. ಮೇಷ್ಟ್ರಿಗೆ ಮೊದಲೇ ಹೇಳಿ.

ನಿದ್ದೆಗೆಟ್ಟವನು

ಮೂರು ಸಲ ಹಾಕಿದೆ. ಎರಡು ಸಲ ಹೊಡೆಯಿತು. ಮೇಷ್ಟ್ರು ಬಂದು ನಿಂತು ನೋಡಿ, "ಇದನ್ನ ಮೂರು ವಾರದ ಹಿಂದೆ ಮಾಡಬಾರದಿತ್ತಾ" ಅಂದರು.

ನಿದ್ದೆಗೆಟ್ಟವನು, ಹತ್ತು ದಿನದ ಮೇಲೆ

ಹೊಸ ಬ್ಯಾಟರಿ ಹಾಕಿದೆ. ಐದು ನೀರಿನ ರಾತ್ರಿ ಕಳೆಯಿತು, ಸದ್ದಿಲ್ಲ. ಕಂಟ್ರೋಲರನ್ನು ಬೆಳಿಗ್ಗೆ 6ರ ತನಕ ಆಫ್ ಇಡೋಣ ಅಂದೆ, ಅಮ್ಮ ಒಪ್ಪಲಿಲ್ಲ. ಆ ಸುಖ ಈಗ ರೂಢಿಯಾಗಿದೆ.

ಒಂದು ಉಳಿದಿದೆ. ಮೋಟರ್ ಹಾಕಿದಾಗ ಟ್ಯೂಬ್‌ಲೈಟ್ ಈಗಲೂ ಮಂಕಾಗುತ್ತದೆ. ಮೆಟ್ಟಿಲಿನ ಸೆನ್ಸರ್ ವೈರ್ ಮೋಟರ್ ವೈರ್ ಜೊತೆ ಒಂದೇ ಪೈಪಿನಲ್ಲಿ ಹೋಗಿರುವುದೂ ಈಗ ಕಂಡಿತು.

ಬೆಸುಗೆ ಕಡ್ಡಿ

ಲೈಟ್ ಅಷ್ಟು ಮಂಕಾದರೆ ಮೊದಲು ಎಲೆಕ್ಟ್ರಿಷಿಯನ್ ಕೈಲಿ ಮೋಟರ್ ಕೆಪಾಸಿಟರ್, ಮೇನ್ ಬೋರ್ಡಿನ ನ್ಯೂಟ್ರಲ್ ಜಾಯಿಂಟ್ ನೋಡಿಸಿ. ನ್ಯೂಟ್ರಲ್ ಲೂಸ್ ಇದ್ದರೆ ಅಲಾರಂ ಅಲ್ಲ, ಟಿವಿ, ಫ್ರಿಜ್ ಹಾಳಾಗಬಹುದು. ಅದನ್ನು ನೀವೇ ಮುಟ್ಟಬೇಡಿ. ಸೆನ್ಸರ್ ವೈರ್ ಬೇರೆ ಪೈಪಿಗೆ ಹಾಕಿಸಿ.

ನಿದ್ದೆಗೆಟ್ಟವನು

ನ್ಯೂಟ್ರಲ್ ನೋಡಲು ನಾಳೆ ಬರುತ್ತಾರೆ. ಪೈಪಿಗೆ ಗೋಡೆ ಕೊರೆಯಬೇಕು. ಆಷಾಢ ಕಳೆಯುವ ತನಕ ಗೋಡೆಗೆ ಉಳಿ ಮುಟ್ಟಿಸಬೇಡ ಅಂದಿದ್ದಾರೆ ಅಮ್ಮ.

ಹಳೇ ಹುಲಿ

ಗೋಡೆ ಕೊರೆದಾಗ ಪೈಪಿನೊಳಗೆ ನೋಡಿ. ಹಲ್ಲಿ ಇರುತ್ತದೆ.