ಶಿವಣ್ಣನ ಬಿಲ್ಲು, ನನ್ನ ರಸೀತಿ ಪುಸ್ತಕ

ಹಾಂ, ಎಲ್ಲರಿಗೂ ನಮಸ್ಕಾರ. ಟೈಪ್ ಮಾಡೋಕೆ ಕೂತೆ, ಎರಡು ಸಾಲಿಗೇ ಬೆರಳು ನೋವು ಬಂತು. ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಗುತ್ತೆ, ಈಗಲೇ ಹೇಳ್ಬಿಡ್ತೀನಿ. ಕೆಲಸ ಇರೋರು ರಾತ್ರಿ ಊಟ ಆದ್ಮೇಲೆ ಕೇಳಿಸ್ಕೊಳ್ಳಿ.

ಬೆಳಗ್ಗೆ ನಮ್ಮ ಮನೆಯವರ ಗ್ರೂಪಲ್ಲಿ ಅಣ್ಣ ಹಾಕಿದ್ದು ಇಷ್ಟೇ. ನಮ್ಮ ಶಿವಣ್ಣ ಬೈಕಿಂದ ಬಿದ್ದು ಸೊಂಟದ ಮೂಳೆ ಮುರ್ಕೊಂಡಿದಾನೆ, ತುಮಕೂರಲ್ಲಿ ಆಪರೇಷನ್ ಆಗಿದೆ, ಬಿಲ್ಲು 2 ಲಕ್ಷ 80 ಸಾವಿರ, ಮನೆಗೆ 5 ಸಾವಿರದಂಗೆ ಹಾಕಿ ಅಂತ. ಅದಕ್ಕೆ ರಘು, ನೀನು ಹೇಳ್ದೆ, ಎಲ್ಲರೂ ಅವರವರ ಪಾಲಿಸಿ ಮಾಡಿಸ್ಕೊಂಡಿದ್ರೆ ಈ ಚಂದಾ ಎತ್ತೋ ಕೆಲಸಾನೇ ಇರ್ತಿರ್ಲಿಲ್ಲ, ನಾನು ಟ್ಯಾಕ್ಸೂ ಕಟ್ಟಿ ಇದನ್ನೂ ಕಟ್ಟಬೇಕಾ ಅಂತ. ಸುಕನ್ಯಾ ಇಂಗ್ಲೆಂಡಿಂದ, ನಮ್ಮಲ್ಲಿ ಆಸ್ಪತ್ರೇಲಿ ಬಿಲ್ಲೇ ಕೊಡಲ್ಲ ಚಿಕ್ಕಪ್ಪ ಅಂದ್ಲು. ಭಾವ, ನೀವು, ಎಲ್ಲಾ ಬಿಟ್ಟಿ ಕೊಟ್ಟೂ ಕೊಟ್ಟೂ ದೇಶ ದಿವಾಳಿ ಆಗುತ್ತೆ ಅಂದ್ರಿ. ಮಧ್ಯಾಹ್ನದೊಳಗೆ ನೂರು ಮೆಸೇಜು. ಶಿವಣ್ಣ ಹೆಂಗಿದಾನೆ ಅಂತ ಕೇಳಿದೋರು ಇಬ್ರು. ಇರ್ಲಿ.

ರಘು, ನಿನ್ನ ಮೇಲೆ ಕೋಪ ಇಲ್ಲ ಕಣೋ. ನೀನು ಏನು ಆಗಬೇಕು ಅಂತೀಯೋ ಅದನ್ನ ನಾನು ನಮ್ಮೂರ ಸಹಕಾರ ಸೊಸೈಟಿ ಕಿಟಕೀಲಿ ಕೂತು ವರ್ಷಾನುಗಟ್ಟಲೆ ಮಾಡಿದೀನಿ. ಯಶಸ್ವಿನಿ ಕಾರ್ಡು, ಅಂದ್ರೆ ಸೊಸೈಟಿ ರೈತರ ಆರೋಗ್ಯ ವಿಮೆ. ನೀನಾಗ ಇನ್ನೂ ಸ್ಕೂಲು. ದೇವಿ ಶೆಟ್ಟಿ ಡಾಕ್ಟ್ರು ಯೋಚನೆ ಕೊಟ್ರು, ಸಹಕಾರ ಇಲಾಖೆ ಕೈ ಹಾಕ್ತು, 2003ರ ಜೂನ್ 1ರಿಂದ ಶುರುವಾಯ್ತು. ಸೊಸೈಟಿ ಮೆಂಬರ್ ಆಗಿರೋ ರೈತನ ಮನೇಲಿ ತಲೆಗೆ ವರ್ಷಕ್ಕೆ 60 ರೂಪಾಯಿ. ತಿಂಗಳಿಗೆ 5 ರೂಪಾಯಿ ಬಿತ್ತು, ಆಗಿನ ಎರಡು ಟೀ ದುಡ್ಡು. ಆಪರೇಷನ್‌ಗೆ ಮಾತ್ರ ಅದು, ಒಂದಕ್ಕೆ 1 ಲಕ್ಷ, ವರ್ಷಕ್ಕೆ 2 ಲಕ್ಷದವರೆಗೆ. ನಾನು ಕಾರ್ಯದರ್ಶಿ, ರಸೀತಿ ಹರಿಯೋನು ನಾನೇ.

ಕಿಟಕಿ ಮುಂದೆ ಮೊದಲು ಬಂದು ನಿಲ್ತಿದ್ದೋರು ಯಾರು ಅಂದ್ಕೊಂಡಿದೀಯ? ಹರ್ನಿಯಾ ಆಗಿರೋನು. ಗರ್ಭಕೋಶ ತೆಗೀಬೇಕು ಅಂತ ಡಾಕ್ಟ್ರು ಹೇಳಿ ಕಳಿಸಿರೋ ಹೆಣ್ಮಗಳು. ಎದೆನೋವು ಅಂತ ಬೆಂಗಳೂರಿಗೆ ಎರಡು ಸಲ ಹೋಗಿ ಬಂದಿರೋನು. ಅವರು ಯಾರೂ ಚೌಕಾಸಿ ಮಾಡ್ತಿರ್ಲಿಲ್ಲ, ಎಣಿಸಿ ಇಟ್ಟು ಹೋಗೋರು. ಗಟ್ಟಿಮುಟ್ಟಾಗಿರೋ ಆಳು ಬಂದ್ರೆ ಮಾತ್ರ ಅರ್ಧ ಗಂಟೆ ವಾದ. 'ವರ್ಷದ ಕೊನೇಲಿ ಈ ದುಡ್ಡು ವಾಪಸ್ ಬರುತ್ತಾ?' ಇಲ್ಲಪ್ಪ. 'ಹಂಗಾದ್ರೆ ನನ್ನ ದುಡ್ಡು ಯಾವನ ಹೊಟ್ಟೆಗೆ ಹೋಗುತ್ತೆ?' ನೀನು ಇವತ್ತು ಗ್ರೂಪಲ್ಲಿ ಕೇಳಿದ್ದೂ ಅದೇ ಪ್ರಶ್ನೆ. ಅವನು ಪಂಚೆ ಉಟ್ಕೊಂಡು ಕೇಳಿದ್ದ, ನೀನು ಲ್ಯಾಪ್‌ಟಾಪ್ ಮುಂದೆ ಕೂತು ಕೇಳ್ದೆ.

ನಮ್ಮ ಜನಕ್ಕೆ ಚೀಟಿ ಗೊತ್ತು. ಚೀಟೀಲಿ ಬೇಗನೋ ತಡವೋ ಎಲ್ಲರ ಕೈಗೂ ಒಂದೊಂದ್ಸಲ ದುಡ್ಡು ಬರುತ್ತೆ. ಇದು ಚೀಟಿ ಅಲ್ಲವಲ್ಲ, ಇದರಲ್ಲಿ ದುಡ್ಡು ಬರದೇ ಇದ್ದೋನೇ ಪುಣ್ಯವಂತ. ಅದನ್ನ ಹೇಳಿ ಹೇಳಿ ನನ್ನ ಗಂಟಲು ಒಣಗೋದು. ಒಬ್ಬ ಅಜ್ಜಿಯಂತೂ 'ಕಾಯಿಲೆ ಬರ್ಲಿ ಅಂತ ಮುಂಚೇನೇ ದುಡ್ಡು ಇಸ್ಕೊಳ್ತೀಯಲ್ಲೋ, ನಿನ್ನ ಬಾಯಿಗೆ ಮಣ್ಣು ಹಾಕ' ಅಂತ ಬೈದು ಹೋಗಿದ್ಲು.

ಇನ್ನೊಂದು ವಿಷಯ, ಇದನ್ನ ನಾನು ಯಾರ ಹತ್ರಾನೂ ಅಷ್ಟಾಗಿ ಹೇಳಿಲ್ಲ. ತಲೆ ಲೆಕ್ಕ ಅಲ್ವಾ, ಮನೇಲಿ ಯಾರ್ಯಾರಿಗೆ ಕಟ್ಟಬೇಕು ಅಂತ ಯಜಮಾನ ಆರಿಸ್ತಿದ್ದ. ತನಗೊಂದು, ಗಂಡುಮಕ್ಕಳಿಗೆ ಒಂದೊಂದು. ಹೆಂಡ್ತಿ ಹೆಸರು ಬರೀಲಾ ಅಂದ್ರೆ 'ಅವಳಿಗೇನಾಗಿದೆ, ಕಲ್ಲುಗುಂಡು ಇದ್ದಂಗವಳೆ'. ತಾಯಿ ಹೆಸರು? 'ವಯಸ್ಸಾಯ್ತಲ್ಲ ಬಿಡಿ'. ಹಂಗೆ ಹೆಂಡ್ತಿಗೆ ಕಟ್ಟದೇ ಹೋದೋನೊಬ್ಬ ಆರೇ ತಿಂಗಳಿಗೆ ಅವಳ ಪಿತ್ತಕೋಶದ ಕಲ್ಲಿಗೆ ಎರಡು ಸೀಮೆ ಹಸು ಮಾರಿದ. ನನ್ನ ಮುಂದೇನೇ ಹಸು ಹೊಡ್ಕೊಂಡು ಹೋದ್ರು.

ಆಮೇಲೆ 2005ರಲ್ಲಿ 60 ಇದ್ದದ್ದು 120 ಆಯ್ತು. ರಾಜ್ಯದಲ್ಲಿ ಹಿಂದಿನ ವರ್ಷ 20 ಲಕ್ಷ ಜನ ಇದ್ದೋರು ಆ ವರ್ಷ 15 ಲಕ್ಷಕ್ಕೂ ಕಮ್ಮಿ ಆದ್ರು. ಬಿಟ್ಟು ಹೋದೋರು ಯಾರು ಅಂತ ನನ್ನ ರಿಜಿಸ್ಟರ್ ನೋಡಿದ್ರೆ ಸಾಕು, ಹರ್ನಿಯಾದೋನು ಬಿಟ್ಟಿರ್ಲಿಲ್ಲ. ಗಟ್ಟಿಯಾಗಿದ್ದೋರು ಬಿಟ್ರು. ಗಟ್ಟಿಯಾಗಿದ್ದೋರು ಬಿಟ್ರೆ ಉಳಿದಿರೋರ ಖರ್ಚಿಗೆ ದುಡ್ಡು ಸಾಲಲ್ಲ, ಮತ್ತೆ ಕಂತು ಏರಿಸಬೇಕು. ಏರಿಸಿದ್ರೆ ಇನ್ನಷ್ಟು ಜನ ಬಿಡ್ತಾರೆ. ನಮ್ಮ ಹಳ್ಳೀಲಿ ಆಗಿದ್ದೂ ಅದೇ, ದೊಡ್ಡ ದೊಡ್ಡ ದೇಶದಲ್ಲಿ ಆಗೋದೂ ಅದೇ.

ಕೊನೆಗೆ ನಾನೇನು ಮಾಡ್ದೆ ಗೊತ್ತಾ? ಬೆಳೆ ಸಾಲ ಕೊಡೋವಾಗ ಇಡೀ ಮನೆಯವರ ಕಂತು ಹಿಡ್ಕೊಂಡೇ ಬಾಕಿ ಕೊಡೋಕೆ ಶುರು ಮಾಡ್ದೆ. ಹಂಗೆ ಹಿಡ್ಕೋ ಅಂತ ಯಾರೂ ನನಗೆ ಬರ್ಕೊಟ್ಟಿರ್ಲಿಲ್ಲ. ತಪ್ಪೇ ಅನ್ನು. ಆಡಳಿತ ಮಂಡಳಿ ಸಭೇಲಿ ಎದ್ದು ನಿಂತು ಬೈದ್ರು. ಆದ್ರೆ ಆ ವರ್ಷ ನಮ್ಮ ಸೊಸೈಟಿ ಪಟ್ಟೀಲಿ ಹೆಂಗಸರ ಹೆಸರು, ಮುದುಕಿಯರ ಹೆಸರು ತುಂಬಿತ್ತು ರಘು. ಅವತ್ತೇ ನನಗೆ ಗಟ್ಟಿಯಾಗಿದ್ದು, ಇದನ್ನ ಜನರ ಇಷ್ಟಕ್ಕೆ ಬಿಟ್ರೆ ನಡೆಯಲ್ಲ. ಎಲ್ಲರ ಹತ್ರಾನೂ ಇಸ್ಕೋಬೇಕು, ಕಾಯಿಲೆ ಬರೋಕೆ ಮುಂಚೆ ಇಸ್ಕೋಬೇಕು, ಉಳ್ಳೋನ ಹತ್ರ ಜಾಸ್ತಿ ಇಸ್ಕೋಬೇಕು. ಅದನ್ನ ಮಾಡೋ ಹಕ್ಕು ಸೊಸೈಟಿ ಕಾರ್ಯದರ್ಶಿಗಿಲ್ಲ, ಸರ್ಕಾರಕ್ಕಿದೆ. ಅದರ ಹೆಸರೇ ತೆರಿಗೆ.

ಒಂದ್ನಿಮಿಷ... ಹಾಲಿನೋನು ಬಂದ. ಹಾಂ, ಎಲ್ಲಿದ್ದೆ?

ಹಾಂ, ಈಗ ನಿನ್ನ ಪಾಲಿಸಿ. ಕಂಪ್ನಿ ಕೊಟ್ಟಿದೆ ಅಂತೀಯ, ಸಂತೋಷ. ಕೆಲಸ ಹೋದ ದಿನ ಅದೂ ಹೋಗುತ್ತೆ. ಹೋದ ವರ್ಷ ನಿಮ್ಮಪ್ಪನ ಪಾಲಿಸಿ ನವೀಕರಣದ ಮೊತ್ತ ನೋಡಿ ನೀನೇ ನನಗೆ ಫೋನ್ ಮಾಡಿದ್ದೆ, ಒಂದೇ ಏಟಿಗೆ ಇಷ್ಟಾ ಚಿಕ್ಕಪ್ಪ ಅಂತ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ 18% ಜಿಎಸ್‌ಟಿ ತೆಗೆದ್ರು, ಒಳ್ಳೇದೇ ಆಯ್ತು. ಆದ್ರೆ ವಯಸ್ಸು ತೆಗೆಯೋಕಾಗಲ್ವಲ್ಲ. ಎಪ್ಪತ್ತು ಹತ್ರ ಬಂದಂಗೆ ಕಂಪ್ನಿಯೋರಿಗೆ ನಿಮ್ಮಪ್ಪ ನಮ್ಮ ಹರ್ನಿಯಾದೋನ ಥರ ಕಾಣ್ತಾನೆ. ಮತ್ತೆ, ಹಳೇ ಪದ್ಧತೀಲಿ ರಿಟರ್ನ್ಸ್ ಹಾಕಿದಾಗ 80ಡಿ ಅಂತ ಆ ಕಂತಿಗೆ ತೆರಿಗೆ ವಿನಾಯ್ತಿ ತಗೊಂಡ್ಯಲ್ಲ, ಅದು ಯಾರ ದುಡ್ಡು? ಸೋಪು, ಬಟ್ಟೆ, ಮೊಬೈಲ್ ಕರೆನ್ಸಿ ಮೇಲೆ ಜಿಎಸ್‌ಟಿ ಕಟ್ಟಿರೋ ಶಿವಣ್ಣನದೂ ಅದರಲ್ಲಿದೆ ಕಣಪ್ಪ. ಅವನೇನೂ ಗ್ರೂಪಲ್ಲಿ ಮೆಸೇಜ್ ಹಾಕ್ಲಿಲ್ಲ.

ಸುಕನ್ಯಾ, ನಿಮ್ಮಲ್ಲಿ ಬಿಟ್ಟಿ ಅಂದ್ಯಲ್ಲ ಮಗಾ, ಬಿಟ್ಟಿ ಎಲ್ಲಿ ಬಂತು? ವೀಸಾ ಮಾಡಿಸುವಾಗ ಆರೋಗ್ಯದ ಸರ್‌ಚಾರ್ಜ್ ಅಂತ ದೊಡ್ಡೋರಿಗೆ ತಲೆಗೆ ವರ್ಷಕ್ಕೆ 1,035 ಪೌಂಡು, ಮಗೂಗೆ 776, ಅಷ್ಟೂ ವರ್ಷದ್ದು ಒಟ್ಟಿಗೇ ಕಟ್ಟಿದ್ವಿ ಅಂತ ನೀನೇ ಅತ್ತಿದ್ದೆ. ಮೇಲೆ ಗಂಡನ ಸಂಬಳದಲ್ಲಿ ಟ್ಯಾಕ್ಸು ಬೇರೆ ಮುರ್ಕೋತಾರೆ. ಇಂಗ್ಲೆಂಡಲ್ಲಿ ವಿನಾಯ್ತಿ ಇಲ್ದೋರು ಡಾಕ್ಟ್ರು ಬರೆದ ಒಂದೊಂದು ಔಷಧಿಗೂ 9 ಪೌಂಡು 90 ಪೆನ್ಸು ಕೊಡ್ಬೇಕು. ಮಂಡಿ ಆಪರೇಷನ್ನಿಗೆ ಕಾಯೋರ ಸಾಲು ಎಷ್ಟುದ್ದ ಅಂತ ನೀನೇ ಹೇಳ್ತಿರ್ತೀಯ, ಎಲ್ಲಾ ಥರದ ಚಿಕಿತ್ಸೇನೂ ಸೇರಿಸಿದ್ರೆ 2025ರಲ್ಲಿ ಕಾಯೋ ಪಟ್ಟೀಲಿ 70 ಲಕ್ಷಕ್ಕೂ ಮೇಲೆ ಕೇಸು ಇದ್ವು. ಆದ್ರೂ ಒಂದು ಮಾತು ಒಪ್ತೀನಿ. ನಿನಗೆ ಹೆರಿಗೆ ನೋವು ಬಂದಾಗ ನಿನ್ನ ಗಂಡ ಎಟಿಎಂ ಹುಡುಕ್ಕೊಂಡು ಓಡ್ಲಿಲ್ಲ. ನಮ್ಮ ಶಿವಣ್ಣನ ಮಗ ಓಡ್ದ. ಅಪ್ಪ ಸ್ಟ್ರೆಚರ್ ಮೇಲೆ ನರಳ್ತಿರುವಾಗ 50 ಸಾವಿರ ಅಡ್ವಾನ್ಸ್ ಕಟ್ಟಿ ಅಂದ್ರಂತೆ. ಅಲ್ಲೂ ಇಲ್ಲೂ ದುಡ್ಡು ಕೊಡೋದು ಕೊಡೋದೇ, ಯಾವಾಗ ಕೇಳ್ತಾರೆ ಅನ್ನೋದರಲ್ಲಿದೆ ವ್ಯತ್ಯಾಸ.

ಭಾವ, ನೀವು ಹೇಳೋದು ಮೊದಲು ದೇಶ ಶ್ರೀಮಂತ ಆಗ್ಲಿ, ಆಮೇಲೆ ಇದೆಲ್ಲ ಅಂತ. ಇಂಗ್ಲೆಂಡಿನೋರು ತೆರಿಗೆ ದುಡ್ಡಲ್ಲಿ ಎಲ್ಲರಿಗೂ ಆಸ್ಪತ್ರೆ ಅನ್ನೋದನ್ನ ಶುರು ಮಾಡಿದ್ದು 1948ರ ಜುಲೈ 5ಕ್ಕೆ. ಯುದ್ಧ ಮುಗಿದು ಮೂರು ವರ್ಷ ಆಗಿತ್ತು, ಸಾಲ ತಲೆ ಮೇಲಿತ್ತು, ಅವತ್ತಿನ ದಿನ ಅಲ್ಲಿ ಬ್ರೆಡ್ಡಿಗೂ ರೇಷನ್ ಇತ್ತು ಭಾವ. ಥಾಯ್ಲೆಂಡ್ ಕೂಡ 2002ರಲ್ಲಿ ತೆರಿಗೆ ದುಡ್ಡಲ್ಲೇ ಮಾಡ್ತು, ರೋಗಿ ಹತ್ರ ಒಂದ್ಸಲಕ್ಕೆ 30 ಬಾತ್ ಇಸ್ಕೊಂಡು. ಜರ್ಮನಿಯೋರು 1883ರಲ್ಲೇ ಸಂಬಳದಲ್ಲಿ ಮುರಿಯೋ ದಾರಿ ಹಿಡಿದ್ರು, ಎರಡು ಪಾಲು ಕೆಲಸದೋನದು, ಒಂದು ಪಾಲು ಮಾಲೀಕನದು. ನಮ್ಮ ಇಎಸ್‌ಐ, ಅಂದ್ರೆ ಸಂಬಳದೋರ ವಿಮೆ, ಅದೂ ಅದೇ ಜಾತಿ. ಗಾರ್ಮೆಂಟ್ಸ್‌ಗೆ ಹೋಗೋ ಹುಡುಗೀರ ಸಂಬಳದಲ್ಲಿ 0.75%, ಮಾಲೀಕನಿಂದ 3.25%, ಸಂಬಳ 21,000 ದಾಟದಿದ್ರೆ. ಒಳ್ಳೇ ದಾರೀನೇ. ಆದ್ರೆ ಶಿವಣ್ಣನಿಗೆ ಮಾಲೀಕ ಯಾರು? ತೆಂಗಿನ ಮರ ಇಎಸ್‌ಐ ಕಟ್ಟುತ್ತಾ? ಕೂಲಿಯೋನು, ಹೂ ಮಾರೋಳು, ಆಟೋದೋನು, ನಮ್ಮ ದೇಶದಲ್ಲಿ ಸಂಬಳದ ಚೀಟಿ ಇಲ್ದೋರೇ ಜಾಸ್ತಿ. ಅದಕ್ಕೇ ನಮಗೆ ತೆರಿಗೆ ಬಿಟ್ರೆ ಬೇರೆ ದಾರಿ ನನಗೆ ಕಾಣಲ್ಲ.

'ಬಡವರಿಗೆ ಕಾರ್ಡಿದೆಯಲ್ಲ' ಅಂತ ಯಾರೋ ಹಾಕಿದ್ರಿ. ಇದೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಂತ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಅಂದ್ರೆ ದರದಲ್ಲಿ 30% ಸರ್ಕಾರದ್ದು, ಅದೂ ಒಂದೂವರೆ ಲಕ್ಷದೊಳಗೆ. ಕಾರ್ಡಿಂದ ಏನೂ ಆಗಲ್ಲ ಅಂತ ನಾನು ಹೇಳಲ್ಲ. ಹಿಂದೆ ವಾಜಪೇಯಿ ಆರೋಗ್ಯಶ್ರೀ ಅಂತ ಇತ್ತಲ್ಲ, ಅದು 2010ರಲ್ಲಿ ಮೊದಲು ಉತ್ತರ ಕರ್ನಾಟಕಕ್ಕೆ ಬಂತು. ಬಂದಿದ್ದ ಹಳ್ಳಿ, ಪಕ್ಕದಲ್ಲೇ ಇನ್ನೂ ಬರದೇ ಇದ್ದ ಹಳ್ಳಿ, ಒಟ್ಟು 572 ಊರು ಹೋಲಿಸಿ ನೋಡಿದ್ರು. ಆ ಯೋಜನೆಗೆ ಸೇರಿದ್ದ ಕಾಯಿಲೆಗಳಿಂದ ಬಡವರ ಮನೇಲಿ ಆಗೋ ಸಾವು, ಬಂದಿದ್ದ ಕಡೆ ಅರ್ಧಕ್ಕಿಂತಲೂ ಕಮ್ಮಿ ಇತ್ತು. ಸಣ್ಣ ಮಾತಲ್ಲ.

ಆದ್ರೆ ಊರಲ್ಲಿ ಅದು ಏನು ಮಾಡಿದೆ ನೋಡಿ. ಕಾರಿರೋನೂ ಬಿಪಿಎಲ್ ಕಾರ್ಡ್ ಬಿಡಲ್ಲ ಅಂತ ಎಲ್ಲರೂ ಬೈತೀರ. ಅಕ್ಕಿಗೋಸ್ಕರ ಅಂದ್ಕೊಂಡಿದೀರ? ಆ ಅಕ್ಕೀನ ಅವನು ಕೋಳಿಗೆ ಹಾಕ್ತಾನೆ. ಕಾರ್ಡು ಹೋದ್ರೆ ಆಸ್ಪತ್ರೆ ಹೋಗುತ್ತೆ ಅನ್ನೋ ಹೆದರಿಕೆ ಅವನಿಗೆ. ನಮ್ಮ ಶಿವಣ್ಣ ಪಾಪ, ನಾಲ್ಕು ಎಕರೆ ತೆಂಗಿದೆ, ನಿಯತ್ತಾಗಿ ಎಪಿಎಲ್ ಮಾಡಿಸ್ಕೊಂಡ. ಬಂದ ಫಲ 2 ಲಕ್ಷ 80 ಸಾವಿರ. ಎಲ್ಲರಿಗೂ ಒಂದೇ ಬಾಗಿಲು ಅಂದಿದ್ರೆ ಈ ಸುಳ್ಳು ಆದಾಯ ಪ್ರಮಾಣಪತ್ರದ ಕಾರ್ಖಾನೇನೇ ಬೇಕಿರ್ಲಿಲ್ಲ.

ಮತ್ತೆ ಕಾರ್ಡು ಓಡೋದು ಅಡ್ಮಿಟ್ ಆದ್ರೆ ಮಾತ್ರ. ನಿಮ್ಮತ್ತೆ ತಿಂಗಳು ತಿಂಗಳು ಬಿಪಿ, ಶುಗರ್ ಮಾತ್ರೆಗೆ ಕೊಡ್ತಾಳಲ್ಲ, ಅದಕ್ಕೆ ಯಾವ ಕಾರ್ಡೂ ಇಲ್ಲ. ಸಂಸಾರ ಸೋರೋದು ಅಲ್ಲೇ. ದೇಶದ ಲೆಕ್ಕಾನೂ ಅದನ್ನೇ ಹೇಳುತ್ತೆ. 2021-22ರಲ್ಲಿ ಆರೋಗ್ಯಕ್ಕೆ ಆದ 100 ರೂಪಾಯಿ ಖರ್ಚಲ್ಲಿ 39 ರೂಪಾಯಿ ಜನ ಜೇಬಿಂದಾನೇ ಹಾಕಿದ್ದು. 2013-14ರಲ್ಲಿ 64 ಇತ್ತು, ಇಳಿದಿದೆ, ಇಲ್ಲ ಅನ್ನಲ್ಲ. ಸರ್ಕಾರದ್ದು? 2017ರ ಆರೋಗ್ಯ ನೀತೀಲಿ 2025ಕ್ಕೆ ಜಿಡಿಪಿಯ 2.5% ಮುಟ್ಟಿಸ್ತೀವಿ ಅಂತ ಬರ್ಕೊಂಡಿದ್ರು. 2021-22ರಲ್ಲಿ 1.84%. ಭಾವ, ದಿವಾಳಿ ಆಗೋವಷ್ಟು ಇನ್ನೂ ಯಾರೂ ಕೊಟ್ಟಿಲ್ಲ.

ರಘು ಬಾಯಿ ತೆಗೆಯೋಕೆ ಮುಂಚೆ ನಾನೇ ಹೇಳ್ಬಿಡ್ತೀನಿ, ಸರ್ಕಾರಿ ಆಸ್ಪತ್ರೆ ಹಣೆಬರಹ ನನಗೂ ಗೊತ್ತು. ಶಿವಣ್ಣನ್ನ ಮೊದಲು ಕರ್ಕೊಂಡು ಹೋಗಿದ್ದು ತಾಲ್ಲೂಕು ಆಸ್ಪತ್ರೆಗೇ. ಎಕ್ಸ್‌ರೇ ತೆಗೆದ್ರು, ಅರಿವಳಿಕೆ ಡಾಕ್ಟ್ರು ಇಲ್ಲ, ತುಮಕೂರಿಗೆ ಹೋಗಿ ಅಂದ್ರು. ಡಾಕ್ಟ್ರೇ ಇಲ್ದಿದ್ಮೇಲೆ ಕಾರ್ಡ್ ಇಟ್ಕೊಂಡು ಏನು ಮಾಡೋದು? ಅದಕ್ಕೇ ನಾನು ಹೇಳೋದು, ತೆರಿಗೆ ದುಡ್ಡು ಕಾರ್ಡಿಗಿಂತ ಮೊದಲು ಅಲ್ಲಿಗೆ ಹೋಗ್ಲಿ ಅಂತ. ಮಾಡಿದ್ರೆ ಆಗುತ್ತೆ. ಪುನೀತ್ ಹೆಸರಲ್ಲಿ ಹೃದಯ ಜ್ಯೋತಿ ಮಾಡಿದಾರಲ್ಲ, ತಾಲ್ಲೂಕು ಆಸ್ಪತ್ರೇಲಿ ಇಸಿಜಿ ತೆಗೆದು ಜಯದೇವದಂಥ ಕಡೆ ಇರೋ ಡಾಕ್ಟ್ರಿಗೆ ಕಳಿಸ್ತಾರೆ, ಅವರು ಹೂಂ ಅಂದ್ರೆ ರಕ್ತ ಹೆಪ್ಪು ಕರಗಿಸೋ ಇಂಜೆಕ್ಷನ್ನು ಅಲ್ಲೇ ಕೊಡ್ತಾರೆ. ಸಾವಿರಾರು ರೂಪಾಯಿ ಇಂಜೆಕ್ಷನ್ನು, ದುಡ್ಡು ಕೇಳಲ್ಲ, ನಿನ್ನ ಕಾರ್ಡ್ ಯಾವ ಬಣ್ಣದ್ದು ಅಂತಾನೂ ಕೇಳಲ್ಲ. ನನಗೆ ಬೇಕಾಗಿರೋದು ಇಂಥದ್ದು. ಇದಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಟ್ಯಾಕ್ಸ್ ಹಾಕಿದ್ರೂ ಹಾಕ್ಲಿ. ಬೀಡಿ, ಸಿಗರೇಟು, ಎಣ್ಣೆ ಮೇಲೆ ಇನ್ನೂ ಹಾಕ್ಲಿ, ಭಾವ ಬೇಜಾರು ಮಾಡ್ಕೋಬೇಡಿ.

ಹೂಂ, ಶಿವಣ್ಣನದೂ ತಪ್ಪಿದೆ. ಯಶಸ್ವಿನಿ ನಡುವೆ ನಿಂತಿತ್ತಲ್ಲ, ಮತ್ತೆ ಶುರುವಾದಾಗ ಹಳ್ಳಿ ಕಡೆ ನಾಲ್ಕು ಜನದ ಮನೆಗೆ 500 ರೂಪಾಯಿ ಅಂದ್ರು. ನಾನು ರಿಟೈರ್ ಆಗಿದ್ರೂ ಅವನ ಮನೆಗೆ ಹೋಗಿ ಹೇಳ್ದೆ. 'ಮುಂದಿನ ವರ್ಷ ನೋಡಣ ಬಿಡು' ಅಂದ. ಈಗಿನ ಸಾಲದಲ್ಲಿ ಹಿಡ್ಕೊಳ್ಳೋಕೆ ನಾನು ಕಿಟಕೀಲಿ ಇರ್ಲಿಲ್ವಲ್ಲ.

ಸರಿ, ಅಣ್ಣ, ನನ್ನ 5 ಸಾವಿರ ಮಧ್ಯಾಹ್ನವೇ ಫೋನ್‌ಪೇ ಮಾಡಿದೀನಿ, ಪಟ್ಟೀಲಿ ಸೇರಿಸ್ಕೊಳ್ಳಿ. ಮತ್ತೆ ನಾಳೆ ತುಮಕೂರಿಗೆ ಹೋಗೋರು ಯಾರು? ರಘು, ನೀನು ಶನಿವಾರ ರಜ ಅಲ್ವಾ, ನೀನೇ ಹೋಗು. ಅವನ ರೇಷನ್ ಕಾರ್ಡು, ಆಧಾರು ನಿಮ್ಮ ಅತ್ತಿಗೆ ಹತ್ರ ಇಸ್ಕೊಂಡು ಹೋಗು. ಯೋಜನೆಗೆ ಸೇರಿರೋ ಆಸ್ಪತ್ರೆ ಆದ್ರೆ ಆರೋಗ್ಯ ಮಿತ್ರ ಅಂತ ಒಬ್ರು ಕೂತಿರ್ತಾರೆ, ಆ 30% ಏನಾದ್ರೂ ಸಿಗುತ್ತಾ ಅಂತ ಡಿಸ್ಚಾರ್ಜ್ ಆಗೋದ್ರೊಳಗೆ ಕೇಳು. ಮನೆಗೆ ಬಂದ್ಮೇಲೆ ಕೇಳಿದ್ರೆ ಯಾರೂ ಮಾತಾಡಲ್ಲ. ಬರುವಾಗ ಅವನಿಗೆ ವಾಕರ್ ಎಷ್ಟಕ್ಕೆ ಸಿಗುತ್ತೆ ಅಂತ ವಿಚಾರಿಸ್ಕೊಂಡು ಬಾ. ಇಡ್ತೀನಿ.